ಅಮ್ಮನ ಇಪ್ಪತ್ತಮೂರು ಮಾತು

ಮಾರ್ಚ್ ೧೨, ಗುರುವಾರ

ಪುಟ್ಟಿ,

ಹೇಗಿದ್ದೀಯಾ? ನಿಮ್ಮ ಯಜಮಾನ್ರ ಮಂಡಿನೋವು ಇಳೀತಾ? ಹೋದ ತಿಂಗಳೇ ಬರೀಬೇಕಿತ್ತು, ಬೈಕೋ. ನಮ್ಮನೆ ಕಂಪ್ಯೂಟರಿಗೆ ಬೀಗ ಬಿತ್ತು. ಬೀಗರಾದ್ರೆ ಊಟ ಮಾಡಿ ಹೊರಡ್ತಾರೆ, ಈ ಬೀಗ ಜಪ್ಪಯ್ಯ ಅಂದ್ರೂ ಹೋಗಲಿಲ್ಲ. ನಿನ್ನ ಹೆಸರಲ್ಲಿ ಒಂದು ಮೇಲ್ ಬಂತು, ಫೋಟೋ ನೋಡು ಅಂತ. ಒತ್ತಿದೆ. ಪರದೆ ಕೆಂಪಾಯ್ತು, ಒಂದು ಫೈಲೂ ತೆರೀಲಿಲ್ಲ.

ನಿನ್ನ ಅತ್ತಿಗೆಗೆ ಹೇಳಿದ್ರೆ, "ಇದೂ ನಿಮ್ಮ ಆಟಾನೇ ತಾನೆ? ಬಂದು ಸೊಪ್ಪು ಬಿಡಿಸಿ" ಅಂದ್ಲು.

ನಾಲ್ಕು ದಿನ ರಿಪೇರಿ ಅಂಗಡಿ ಸ್ಟೂಲ್ ಮೇಲೆ ಕೂತು ಬೆನ್ನು ಹಿಡ್ಕೊಂಡಿದೆ. ಕೀಟಲೆ ಮಾಡೋಕೂ ತ್ರಾಣ ಇಲ್ಲ. ರಿಪೇರಿಯವನು ಡಿಸ್ಕ್ ಬಿಚ್ಚಿ ಬೇರೆ ಮಿಷನ್ನಿಗೆ ಹಾಕಿ ನೋಡಿದ. ಕೊನೆಗೆ, "ಎಲ್ಲಾ ಅಳಿಸಿ ಹೊಸದಾಗಿ ಹಾಕ್ಬೇಕು ತಾತ. ಕಾಪಿ ಇದೆಯಾ?" ಅಂದ.

"ಇಲ್ಲಪ್ಪ."

ಯಾಕಿಲ್ಲ ಅಂತ ನಿನಗೆ ಗೊತ್ತು. ಅಮ್ಮನ ಮಾತು ಇಪ್ಪತ್ತಮೂರು ರೆಕಾರ್ಡಿಂಗ್ ಅದರಲ್ಲಿತ್ತು. ಕಾಪಿ ಮಾಡಿ ಕಳಿಸು ಅಂತ ನೀನು ಕೇಳಿದಾಗೆಲ್ಲ, ಬಂದು ತಗೊಂಡು ಹೋಗು ಅಂತ ಸತಾಯಿಸ್ತಿದ್ದೆ. ಆಮೇಲೆ ಅಮ್ಮ ಹೋದ ದಿನ, ಬೇಗ ಬಾ ಅಂತ ಫೋನ್ ಮಾಡಿದ್ರೆ, ನೀನು ಅದನ್ನೂ ನನ್ನ ಕುಚೇಷ್ಟೆ ಅಂದ್ಕೊಂಡು ಹೊರಡಲೇ ಇಲ್ಲ. ಅವತ್ತು ಬಿಟ್ಟ ಮಾತು, ಎರಡು ವರ್ಷ ಆಯ್ತು. ನೀನೂ ಕೇಳಲಿಲ್ಲ, ನಾನೂ ಕಳಿಸಲಿಲ್ಲ. ಈಗ ಕಳಿಸೋಕೆ ಇಲ್ಲ.

ಒಂದೇ ಒಂದು ಉಳಿದಿದೆ, ನನ್ನ ಫೋನಲ್ಲಿ. ನೀನು ಫೋನ್ ಮಾಡಿದಾಗ ಮಾತ್ರ ಅಮ್ಮ "ಯಾರೇ ಅದು, ಬಾಗಿಲು ಹಾಕ್ಕೊಂಡು ಬಾ, ನೊಣ ಬರುತ್ತೆ" ಅಂತ ಕೂಗೋ ಹಾಗೆ ರಿಂಗ್‌ಟೋನ್ ಇಟ್ಟಿದ್ದೆನಲ್ಲ, ಅದು. ಎರಡು ವರ್ಷದಿಂದ ಕೂಗಿಲ್ಲ, ಮರೆತೇಬಿಟ್ಟಿದ್ದೆ. ಪೆನ್ ಡ್ರೈವಿಗೆ ಹಾಕಿ ಇದರ ಜೊತೆ ಇಟ್ಟಿದ್ದೀನಿ. ಮೊದಲು ವೈರಸ್ ಇದೆಯಾ ನೋಡಿಸ್ಕೋ, ಕಳಿಸಿದವನು ನಾನು.

ಮಕ್ಕಳಿಗೆ ಒಳ್ಳೇದಾಗ್ಲಿ. ನೀನು ತಣ್ಣಗಿರು ತಂಗಿ.

ನಿನ್ನ
ಕೀಟಲೆ ಅಣ್ಣ

ತಾ.ಕ.: ಮೋಸದ ಮೇಲ್ ಅಂತ ಗೊತ್ತಾಗಲಿಲ್ಲಪ್ಪ ಅಂತ ರಿಪೇರಿಯವನಿಗೆ ಹೇಳಿದೆ. ಸುಳ್ಳು. ಅದರಲ್ಲಿ 'ಪ್ರಿಯ ಸಹೋದರರೇ' ಅಂತ ಇತ್ತು. ಮಾತು ಬಂದಾಗಿಂದ ನನ್ನ 'ಲೋ ಅಣ್ಣ' ಅಂದವಳು ನೀನು. ನಿನ್ನದಲ್ಲ ಅಂತ ಮೊದಲನೇ ಸಾಲಲ್ಲೇ ಗೊತ್ತಾಯ್ತು. ಆದ್ರೆ ಆ ಪರದೆ ಮೇಲೆ ನಿನ್ನ ಹೆಸರು ಕಂಡು ಎರಡು ವರ್ಷ ಆಗಿತ್ತು. ಒತ್ತಿದೆ.