ನೆತ್ತಿಯ ಎಣ್ಣೆ

ನಾಗಮಂಗಲ
೧೪-೮-೧೯೯೬

ಅವ್ವನಿಗೆ ನಮಸ್ಕಾರ.

ಈ ಕಾಗದವನ್ನು ತಮ್ಮ ಲೋಕೇಶನ ಕೈಲಿ ಓದಿಸು, ನನ್ನ ಮಗಳ ಕೈಲಿ ಬೇಡ.

ಮೊನ್ನೆ ಬೆಂಗಳೂರಿನ ಆಸ್ಪತ್ರೆಯಲ್ಲಿ ಕುಸುಮಳ ಪರೀಕ್ಷೆ ಆಗಲಿಲ್ಲ. ಅವಳಂತೆ ಒಂದು ಕಡೆ ಕೂರಲಾಗದ ಮಕ್ಕಳ ತಲೆಗೆ ತಂತಿ ಅಂಟಿಸಿ, ಗಮನ ಒಂದೆಡೆ ನಿಂತಾಗ, ಚದುರಿದಾಗ ಮಿದುಳು ಹೇಗೆ ಕೆಲಸ ಮಾಡುತ್ತದೆಂದು ನೋಡುತ್ತಾರೆ. ತಲೆ ತಂಪಾಗಲೆಂದು ನೀನು ನೆತ್ತಿಗೆ ಹರಳೆಣ್ಣೆ ಒತ್ತಿ ಕಳಿಸಿದ್ದೆಯಲ್ಲ, ತಂತಿಗಳು ನಿಲ್ಲದೆ ಜಾರಿದವು. ಡಾಕ್ಟರಮ್ಮ ಬೈಯಲಿಲ್ಲ. ಮುಂದಿನ ಸೋಮವಾರ ಬನ್ನಿ ಎಂದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಕುಸುಮ ಕೇಳಿದಳು, "ಅಪ್ಪ, ನಾನು ಕೆಟ್ಟೋಳು ಅಂತ ಆ ಮಿಸೀನಿಗೆ ಗೊತ್ತಾಯ್ತದಾ?"

"ಯಾರವ್ವ ಅಂಗಂದೋರು?" ಎಂದೆ.

"ಎಲ್ರೂವೆ" ಎಂದು ಕಿಟಕಿಯತ್ತ ತಿರುಗಿದಳು. ಊರು ಬರುವತನಕ ಅಲ್ಲಾಡದೆ ಕೂತಿದ್ದಳು. ಅವಳು ಹಾಗೆ ಕೂತದ್ದನ್ನು ನಾನು ನೋಡಿರಲಿಲ್ಲ.

ಭಾನುವಾರ ಸೀಗೆಪುಡಿ ಹಾಕಿ ಅವಳ ತಲೆ ಚೆನ್ನಾಗಿ ತೊಳೆ. ಎದ್ದು ಓಡಿದರೆ ಯಾರೂ ಬೈಯದಂತೆ ನೋಡಿಕೋ. ಸೋಮವಾರ ಬೆಳಿಗ್ಗೆ ನಾನೇ ಕ್ಯಾತನಹಳ್ಳಿಗೆ ಬಂದು ಕರೆದೊಯ್ಯುತ್ತೇನೆ.

ಎಣ್ಣೆ ಮಾತ್ರ ಬೇಡ. ಮನಸ್ಸು ತಡೆಯದಿದ್ದರೆ ಹೊರಡುವಾಗ ಬರಿಗೈಯಲ್ಲಿ ಅವಳ ತಲೆ ಸವರು. ಅದರಿಂದ ಪರೀಕ್ಷೆಗೆ ಏನೂ ಅಡ್ಡಿಯಿಲ್ಲವಂತೆ. ಡಾಕ್ಟರಮ್ಮನನ್ನು ಕೇಳಿಕೊಂಡೇ ಬರೆಯುತ್ತಿದ್ದೇನೆ.

ನಿನ್ನ ಮಗ,
ಚಿಕ್ಕಸ್ವಾಮಿ