ಗೋಡಂಬಿ ಮೆತ್ತಿದ ಉಂಡೆಗಳು

ಸುಧಕ್ಕ,

ನಾನು ಕೆ.ಆರ್.ಎಸ್.ಗೆ ಡ್ಯೂಟಿಗೆ ಹೊರಟೆ. ಪಾರ್ಲರಿನಿಂದ ಬಂದ ತಕ್ಷಣ ಮೊದಲು ಇದನ್ನು ಓದು, ಬೈಯೋದು ಆಮೇಲೆ.

ನೀನು ಫೋನು ನೋಡಿಕೊಂಡು ಮಾಡಿದ ಟ್ರಫಲ್ಲು ಉಂಡೆಗಳು ಫ್ರಿಜ್ಜಿನಲ್ಲಿವೆ. ಹುರಿದ ಮೈದಾಗೆ ಬೆಣ್ಣೆ, ಸಕ್ಕರೆ ಕಲಸಿ, ಬೇಯಿಸದೇ ಚಾಕೊಲೇಟಿನಲ್ಲಿ ಅದ್ದಿದ್ದು ಇಷ್ಟು ಚೆನ್ನಾಗಿರುತ್ತೆ ಅಂತ ನನಗೇನು ಗೊತ್ತು? ರುಚಿಗೆ ಅಂತ ಒಂದು ತೆಗೆದೆ, ನಾಲ್ಕಾಯಿತು. ನೀನು ಮದುವೆಯಾಗಿ ಹೋದ ಮೇಲೆ ನಾನು ಯಾರದ್ದು ಕದ್ದು ತಿನ್ನಲಿ, ಹೇಳು.

ಅವ್ವನ ಕಣ್ಣಿಗೆ ಬಿದ್ದೆ. “ಸಂಜೆಗೆ ನಾಗಮಂಗಲದಿಂದ ಗಂಡಿನ ಕಡೆಯೋರು ಬತ್ತಾವ್ರೆ. ತಟ್ಟೇಲಿ ಒಂದು ಕಮ್ಮಿಯಾದ್ರೂ ಚರ್ಮ ಸುಲ್ದ್ಬುಡ್ತೀನಿ ಕಣ್ಲಾ!” ಅಂದಳು.

ಕಮ್ಮಿಯಾಗಿಲ್ಲ. ಮಿಕ್ಕಿದ್ದ ರಾಗಿಮುದ್ದೆಯನ್ನೇ ಅದೇ ಅಳತೆಗೆ ಉಂಡೆ ಕಟ್ಟಿ, ಚಾಕೊಲೇಟು ಕರಗಿಸಿ ಅದ್ದಿಟ್ಟಿದ್ದೀನಿ. ಮೇಲೆ ಗೋಡಂಬಿ ಮೆತ್ತಿರೋ ನಾಲ್ಕೂ ಅವೇ. ಅವ್ವನಿಗೆ ಹೇಳಬೇಡ.

ಹುಡುಗನ ಕೈಗೆ ಅದರಲ್ಲೇ ಒಂದು ಕೊಡು. ಅಗಿಯೋಕೆ ಹೋದರೆ ಕಾಫಿ ಕೊಟ್ಟು ಕಳಿಸಿಬಿಡು. ಅಗಿಯದೆ ಗುಳುಕ್ಕಂತ ನುಂಗಿ, “ಸಾರು ಇಲ್ವಾ?” ಅಂತ ಕೇಳಿದರೆ, ಅಕ್ಕ, ಕಣ್ಣು ಮುಚ್ಚಿಕೊಂಡು ಒಪ್ಪಿಕೋ.

ಕಿಟ್ಟಿ