ತಿರುಗಿ ಬಂದ ಹನ್ನೊಂದು ಮೇಲ್

ವಿದ್ಯಾನಗರ ಹಾಸ್ಟೆಲ್, ಹುಬ್ಬಳ್ಳಿ
15 ಸೆಪ್ಟೆಂಬರ್ 2025, ಸೋಮವಾರ

ಪ್ರೀತಿಯ ಅಕ್ಕಾ,

ಕೊಲ್ಹಾಪುರದ ನೀರು ನಿನಗೆ ಒಗ್ಗಿತೇ? ನೀನು ಕೆಲಸಕ್ಕೆ ಸೇರಿದ ಎರಕದ ಫೌಂಡ್ರಿಯ ಧೂಳಿಗೆ ಕೆಮ್ಮು ಬಂದಿಲ್ಲವಷ್ಟೇ? ನಿನ್ನ ಗೆಳತಿ ಸೃಷ್ಟಿಯನ್ನು ಕಾಡಿ ಬೇಡಿ ಈ ವಿಳಾಸ ಪಡೆದೆ, ಅವಳ ಮೇಲೆ ಸಿಟ್ಟಾಗಬೇಡ. ಮೆಸ್ಸಿನ ಪಲ್ಯ ಒಂದನ್ನು ಬಿಟ್ಟರೆ ನಾನು ಆರಾಮ. ಇಂಟರ್ನಲ್ಸ್ ಪರೀಕ್ಷೆಗೆ ಇನ್ನೂ ಮೂರು ವಾರ ಇದೆ. ಇಂಗ್ಲಿಷ್ ಹಾಸ್ಟೆಲುಗಳಲ್ಲಿ ಬೆಳೆದವನ ಕನ್ನಡ ಇದು, ಕಾಗುಣಿತ ನೋಡಿ ನಗಬೇಡ.

ಇಲ್ಲೇ ಹತ್ತಿರದ ಬೇಲೂರು ಇಂಡಸ್ಟ್ರಿಯಲ್ ಏರಿಯಾದ ನಮ್ಮ ವರ್ಕ್‌ಶಾಪಿಗೆ ನೀನು ಕಟ್ಟಿಕೊಟ್ಟ ಮೇಲ್ ಸರ್ವರ್ ಇದೆಯಲ್ಲ, ಸ್ಟೋರ್‌ರೂಮಿನ ಆ ಲಿನಕ್ಸ್ ಡಬ್ಬಿ? ಕಳೆದ ವಾರ ಅಪ್‌ಡೇಟ್ ಆದ ಮೇಲೆ, ಬ್ರೌಸರಿನಲ್ಲಿ ಮೇಲ್ ಓದುವ ಹಳೆಯ ಪುಟ ಬೆಳ್ಳಗೆ ಖಾಲಿ ಬರತೊಡಗಿತು. ಅಪ್ಪ ಫೋನ್ ಮಾಡಿ, 'ಎಂಜಿನಿಯರಿಂಗ್ ಓದಾಕತ್ತೀಯಲ್ಲ, ಬಂದು ನೋಡು' ಎಂದರು. ಮೊದಲ ಸೆಮಿಸ್ಟರಿನವನಿಗೆ ಏನು ಗೊತ್ತಿರುತ್ತದೆ? ದುರ್ಗದಬೈಲಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಜಾವೀದ ಕಾಕಾ ಅವರನ್ನು ಕರೆದುಕೊಂಡು ಮೊನ್ನೆ ಶನಿವಾರ ಹೋದೆ. ಹಳೆಯ ಮೇಲ್ ಎಲ್ಲ ಹೋದವೇ ಎಂದು ನಾನು ಕೇಳಿದಾಗ ಕಾಕಾ, 'ಅಂಜಬ್ಯಾಡೋ ಶಿವ್ಯಾ. ವೆಬ್‌ಮೇಲ್ ಅಂದ್ರ ಬರೇ ಕಿಡಕಿ. ಕಿಡಕಿ ಬದಲಿ ಮಾಡಿದ್ರ ಮನ್ಯಾಗಿನ ಸಾಮಾನು ಎಲ್ಲಿ ಓಡಿ ಹೊಕ್ಕಾವ?' ಎಂದರು. ಖರೇ. ಹೊಸ ಕಿಟಕಿ ಹಾಕಿ ಲಾಗಿನ್ ಆದರೆ ಮೇಲ್ ಎಲ್ಲವೂ ಇದ್ದಲ್ಲೇ ಇತ್ತು. ಆಮೇಲೆ ನನಗೆ ಚಟ ಹತ್ತಿತು ಅಕ್ಕಾ. ಮೇಲ್ ಎಲ್ಲಿ ಬಂದು ಬೀಳುತ್ತದೆ, ಓದಿದ ಮೇಲೆ ಎಲ್ಲಿಗೆ ಸರಿಯುತ್ತದೆ ಎಂದು ಫೋಲ್ಡರ್ ಫೋಲ್ಡರ್ ಇಳಿದು ನೋಡಿದೆ.

ಹಳೆಯ ಸೆಟ್ಟಿಂಗುಗಳನ್ನು ಕೈಯಿಂದಲೇ ದಾಟಿಸಬೇಕಿತ್ತು. ನಿನ್ನ ಖಾತೆಯ ಸರದಿ ಬಂದಾಗ ಅಪ್ಪನನ್ನು ಕೇಳಿದೆ, ತೆಗೆದುಬಿಡಲೇ ಎಂದು. 'ಇರ್ಲಿ ಬಿಡು. ಅಕೀ ಹೆಂಗೂ ಹೊಳ್ಳಿ ಕಳಸತಾಳ' ಎಂದರು, ಲೇತಿನ ಕಡೆ ಮುಖ ಮಾಡಿ. ನನಗೆ ಅರ್ಥವಾಗಲಿಲ್ಲ. ಆಗ ಅವರೇ ಬಂದು ತಮ್ಮ ಇನ್‌ಬಾಕ್ಸ್ ತೋರಿಸಿದರು. 'ಅಂಡೆಲಿವರ್ಡ್ ಮೇಲ್, ರಿಟರ್ನ್ಡ್ ಟು ಸೆಂಡರ್.' ಅಂಥವು ಹನ್ನೊಂದು. ನೀನು ಹೋದಾಗಿನಿಂದ ತಿಂಗಳಿಗೊಂದರಂತೆ ನಿನಗೆ ಬರೆದಿದ್ದಾರೆ. ರಿಜಿಸ್ಟರ್ ಪೋಸ್ಟನ್ನು ಬೇಡವೆಂದು ವಾಪಸು ಮಾಡುತ್ತಾರಲ್ಲ, ಹಾಗೆ ಪ್ರತಿಯೊಂದನ್ನೂ ನೀನೇ ತಿರುಗಿಸಿದ್ದೀ ಎಂದು ಅಪ್ಪ ತಿಳಿದಿದ್ದಾರೆ.

ಹೋಗುವ ದಿನ ನೀನು ಫಾರ್ವರ್ಡ್ ಹಾಕಿದ್ದೆ, ವರ್ಕ್‌ಶಾಪಿನ ವಿಳಾಸಕ್ಕೆ ಬಂದದ್ದು ನಿನ್ನ ಸ್ವಂತ ಮೇಲ್‌ಗೆ ಹೋಗಲೆಂದು. ಆ ಸಾಲು ಸಿಕ್ಕಿತು. ಇಂಗ್ಲಿಷಿನಲ್ಲಿ ನಿನ್ನ ಹೆಸರು ಐಶ್ವರ್ಯಾ ಎಂಬುದಕ್ಕೆ ಡಬ್ಲ್ಯೂ ಬದಲು ವಿ ಹೊಡೆದಿದ್ದೀ. ಸಾಲಿಯಲ್ಲಿ ಅಪ್ಪ ಬರೆಸಿದ್ದು ವಿ, ಕಾಲೇಜಿಗೆ ಬಂದು ನೀನು ಮಾಡಿಕೊಂಡದ್ದು ಡಬ್ಲ್ಯೂ. ಸಿಟ್ಟಿನಲ್ಲಿ ಬೆರಳಿಗೆ ಹಳೆಯದೇ ಬಂದಿರಬೇಕು. ವಿ ಇರುವ ವಿಳಾಸವೇ ಇಲ್ಲದ್ದರಿಂದ ಎಲ್ಲವೂ ಅಪ್ಪನಿಗೆ ವಾಪಸಾದವು. ಆದರೆ ಒಂದೊಂದು ಪ್ರತಿ ಈ ಸರ್ವರಿನ ನಿನ್ನ ಪೆಟ್ಟಿಗೆಯಲ್ಲಿ ಉಳಿದಿದೆ. ನಾನು ತೆರೆದಿಲ್ಲ, ಆಣೆ. ಹನ್ನೊಂದೂ ಇನ್ನೂ ಯಾರೂ ಓದದ ಮೇಲ್ ಇರುವ 'ನ್ಯೂ' ಎಂಬ ಫೋಲ್ಡರಿನಲ್ಲೇ ಕೂತಿವೆ.

'ನನಗೆ ಬರಬೇಕಿದ್ದ ಮ್ಯಾನೇಜರ್ ಕುರ್ಚಿಯನ್ನು ದೊಡ್ಡಪ್ಪನ ಮಗ ಗುರುಪಾದನಿಗೆ ಕೊಟ್ಟ ಅಪ್ಪ, ಹೊರಟುಬಂದ ಮೇಲೆ ನನಗೆ ಒಂದು ಸಾಲನ್ನೂ ಬರೆಯಲಿಲ್ಲ' ಎಂದು ನೀನು ಸೃಷ್ಟಿಗೆ ಹೇಳಿದೆಯಂತೆ. ಬರೆದಿದ್ದಾರೆ. ವಿ, ಡಬ್ಲ್ಯೂ ಕಥೆಯನ್ನೆಲ್ಲ ಅಪ್ಪನಿಗೂ ಬಿಡಿಸಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, 'ಮಷೀನ್ ಹಂಗ ಅಂತೈತಿ. ಅಕೀ ಏನಂತಾಳ?' ಎಂದರು.

ಜಾವೀದ ಕಾಕಾ ಸಲಾಂ ತಿಳಿಸಿದ್ದಾರೆ. 'ಹುಡುಗಿ ಸರ್ವರ್ ಛಲೋ ಕಟ್ಟ್ಯಾಳ' ಅಂದರು. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ತಮ್ಮ,
ಶಿವಯೋಗೀಶ

ತಾ.ಕ.: ಕೊರಿಯರ್ ಅಂಗಡಿಯಲ್ಲಿ ನಿಂತು ಗೀಚುತ್ತಿದ್ದೇನೆ. ಪತ್ರ ಮುಗಿಸಿ ಮತ್ತೆ ವರ್ಕ್‌ಶಾಪಿಗೆ ಹೋಗಿ, ಫಾರ್ವರ್ಡಿನ ಆ ತಪ್ಪು ಸಾಲು ಅಳಿಸಿ ಬಂದೆ. ಅಪ್ಪ ಹೊಸ ವೆಬ್‌ಮೇಲಿನಿಂದ ಹನ್ನೆರಡನೆಯದನ್ನು ಬರೆದರು, ಬರೆದು, 'ಓದಿದ್ದು ಗೊತ್ತಾಗತೈತೇನು?' ಎಂದು ಕೇಳಿದರು. ಅದಕ್ಕೊಂದು ಟಿಕ್ ಇದೆ, ಹಾಕಿದ್ದೇನೆ. ವಿಳಾಸ, ಪಾಸ್‌ವರ್ಡ್ ಎಲ್ಲ ನಿನ್ನವೇ, ಹಳೆಯವೇ. ಅಪ್ಪನ ಆ ಮೇಲ್ ತೆರೆದಾಗ 'ನೀವು ಓದಿದ್ದನ್ನು ಕಳುಹಿಸಿದವರಿಗೆ ತಿಳಿಸಬೇಕೇ?' ಎಂದು ಕೇಳುತ್ತದೆ. ಉತ್ತರ ಬರೆಯದಿದ್ದರೂ ನಡೆಯುತ್ತದೆ ಅಕ್ಕಾ, ಹೌದು ಎಂಬುದನ್ನು ಒತ್ತು.